ಸಂಶೋಧಕಿಯ ಆರನೇ ಮುಖಪುಟ

ನನ್ನ ಅಕ್ಕನ ಮಗಳು ಔಷಧಶಾಸ್ತ್ರಕ್ಕೆ ಮೊನ್ನೆಮೊನ್ನೆಯವರೆಗೆ ಕೊಟ್ಟ ಕೊಡುಗೆ ಒಂದೇ: ಐದು ಸಂಶೋಧನೆಗಳನ್ನು ಐದು ಬೇರೆ ಬೇರೆ ರೀತಿಯಲ್ಲಿ ಅರ್ಧಕ್ಕೆ ಬಿಡುವುದು ಹೇಗೆ ಎಂದು ಕಂಡುಹಿಡಿದದ್ದು! ಒಂದನ್ನು ಅರ್ಧಕ್ಕೆ ಬಿಟ್ಟವರು ಊರಲ್ಲಿ ಬೇಕಾದಷ್ಟು ಜನರಿದ್ದಾರೆ. ಅದೇನು ದೊಡ್ಡ ಸಂಗತಿಯೇ? ನಾನೇ ಬಿ.ಕಾಂ. ಅರ್ಧಕ್ಕೆ ಬಿಟ್ಟವನು. ಆದರೆ ಬಿಡುವ ಮೊದಲು ಪ್ರತಿಯೊಂದಕ್ಕೂ ಮುಖಪುಟ ಪ್ರಿಂಟ್ ಮಾಡಿಸಿ, ಚಿನ್ನದ ಬಣ್ಣದ ಅಕ್ಷರವೋ ಬೆಳ್ಳಿಯ ಬಣ್ಣದ್ದೋ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡು, ರಟ್ಟಿನ ಬಣ್ಣ ಆರಿಸಿ, ಆಮೇಲೆ ಬಿಟ್ಟವಳು ಇವಳೊಬ್ಬಳೇ ಇರಬೇಕು.

ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ಮೇಲೆಯೇ ಏಳನೆಯ ಸಂಶೋಧನೆ ಶುರುವಾದೀತೆಂಬ ಹೆದರಿಕೆ. ನಮ್ಮ ಮನೆ ಕಾಸರಗೋಡಿನ ಶಿರಿಯದಲ್ಲಿ. ಮನೆಯಲ್ಲಿ ನಾವು ನಾಲ್ವರು: ನನ್ನ ಅಮ್ಮ, ಅಂದರೆ ಇವಳ ಅಜ್ಜಿ, ನನ್ನ ಅಕ್ಕ, ಅಕ್ಕನ ಒಬ್ಬಳೇ ಮಗಳಾದ ಈ ಸಂಶೋಧಕಿ, ಮತ್ತು ನಲವತ್ಮೂರು ದಾಟಿದರೂ ಮದುವೆಯಾಗದ ನಾನು. ಭಾವ ಗಲ್ಫಿನಲ್ಲಿದ್ದಾರೆ. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅಮ್ಮನ ಬೈಗುಳಗಳ ಖಾರ ಸ್ವಲ್ಪ ಕಡಿಮೆಯಾಗಿರುತ್ತದೆ, ಓದುವವರು ಸೇರಿಸಿಕೊಳ್ಳಬೇಕು.

ಈ ಕಥೆಯಲ್ಲಿ ನಾನು ಬರುವುದು ಹೇಗೆಂದರೆ, ಕುಂಬಳೆಯಲ್ಲಿ ರೈಲ್ವೇ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಟೈಪಿಂಗು, ಪ್ರಿಂಟು, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್. ಇವಳು ಬಿ.ಫಾರ್ಮಾ ಓದುವ ಕಾಲೇಜಿಗೆ ಈ ಕಡೆಯಿಂದ ಹೋಗುವ ಮಕ್ಕಳೆಲ್ಲ ಪ್ರಾಜೆಕ್ಟ್ ಪ್ರಿಂಟ್ ಮಾಡಿಸುವುದು ನನ್ನಲ್ಲಿಯೇ. ಹಾಗಾಗಿ ಔಷಧಗಳ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಔಷಧ ಸಂಶೋಧನೆಯ ಶೀರ್ಷಿಕೆಗಳ ಬಗ್ಗೆ ನಾನು ಪಂಡಿತ. ನೂರು ಪ್ರಾಜೆಕ್ಟ್ ಬಂದರೆ ಅರವತ್ತು ಯಾವುದಾದರೊಂದು ಎಲೆಯ ರಸ ಕುಡಿಸಿ ಇಲಿಯ ಸಕ್ಕರೆ ಕಾಯಿಲೆ ಇಳಿಸುವಂಥವು. ಕಾಸರಗೋಡು ಜಿಲ್ಲೆಯಲ್ಲಿ ಇಲಿಗೆ ಕುಡಿಸದೆ ಉಳಿದ ಸೊಪ್ಪು ಯಾವುದೆಂದು ನನಗಂತೂ ತಿಳಿಯದು. ಇಷ್ಟರಲ್ಲಿ ನಮ್ಮ ಇಲಿಗಳು ಧೈರ್ಯವಾಗಿ ಪಾಯಸ ಕುಡಿಯಬಹುದು!

ಆ ಮಕ್ಕಳನ್ನು ಒಮ್ಮೆ ವಿಚಾರಿಸಿದ್ದೆ, ಈ ವಿಷಯದಲ್ಲಿಯೇ ಯಾಕೆ ಆಸಕ್ತಿ ಎಂದು. ಒಬ್ಬಳು ಗಿಡಮೂಲಿಕೆ ಆರಿಸಿದ್ದಳು, ಆ ಮೇಡಂ ಬೈಯುವುದಿಲ್ಲ ಎಂಬ ಕಾರಣಕ್ಕೆ. ಇನ್ನೊಬ್ಬ ಮಾತ್ರೆ ತಯಾರಿಸುವ ವಿಭಾಗ ಹಿಡಿದಿದ್ದ, ಅಲ್ಲಿ ಏಸಿ ಇದೆಯಂತೆ. ಮೂರನೆಯವನು ಮಾತ್ರ ಪ್ರಾಮಾಣಿಕ. ಅವನ ಸೀನಿಯರಿನ ಫೈಲು ನನ್ನ ಕಂಪ್ಯೂಟರಿನಲ್ಲಿಯೇ ಇತ್ತು, ಹೆಸರು ಬದಲಾಯಿಸಿದರೆ ಸಾಕಿತ್ತು. ಅದಕ್ಕೇ ಅವನಿಗೆ ಆ ವಿಷಯದಲ್ಲಿ ಅಪಾರ ಆಸಕ್ತಿ. ನಾನು ಹೆಸರು ಬದಲಾಯಿಸಿಕೊಡಲಿಲ್ಲ, ಹೇಗೆ ಬದಲಾಯಿಸುವುದೆಂದು ತೋರಿಸಿದೆ ಅಷ್ಟೇ.

ಇವಳ ತೊಂದರೆ ಅದಲ್ಲ. ಇವಳಿಗೆ ನಿಜವಾಗಿಯೂ ಆಸಕ್ತಿ ಹುಟ್ಟುತ್ತಿತ್ತು, ಅದೂ ಜ್ವರ ಬಂದ ಹಾಗೆ. ಪ್ರಾಜೆಕ್ಟ್ ಇರುವುದು ನಾಲ್ಕನೇ ವರ್ಷದ ಕೊನೆಗೆ. ಇವಳು ನನ್ನಿಂದ ಮುಖಪುಟ ಪ್ರಿಂಟ್ ಮಾಡಿಸತೊಡಗಿದ್ದು ಮೊದಲ ವರ್ಷದಿಂದಲೇ! ಕೊನೆಗೆ ಕಳೆದ ಜನವರಿಯಲ್ಲಿ ಅವಳ ಗೈಡ್ ಮೇಡಂ ಒಂದು ಶುಕ್ರವಾರ ಕರೆದು ಹೇಳಿಯೇಬಿಟ್ಟರು. ಸೋಮವಾರ ಸಂಜೆ ನಾಲ್ಕು ಗಂಟೆಯೊಳಗೆ ಒಂದು ವಿಷಯ ಗಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಈ ವರ್ಷ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಇಲ್ಲದಿದ್ದರೆ ಡಿಗ್ರಿ ಇಲ್ಲ, ಮುಂದಿನ ವರ್ಷ ಜೂನಿಯರುಗಳ ಜೊತೆ ಕೂರಬೇಕು. ಆ ಮೂರು ದಿನಗಳಲ್ಲಿ ಏನಾಯಿತೆಂದು ಹೇಳುವ ಮೊದಲು ಹಿಂದಿನ ಐದು ಮುಖಪುಟಗಳಿಗೆ ಏನಾಯಿತೆಂದು ಹೇಳದಿದ್ದರೆ ಮೇಡಂ ಕೆಟ್ಟವರೆಂದು ನಿಮಗೆ ಅನ್ನಿಸೀತು.

ಮೊದಲನೆಯದು ಗಿಡಮೂಲಿಕೆ. ಕೇಪಳ, ನೆಲನೆಲ್ಲಿ, ಎಕ್ಕ, ನಾವು ತಿಮರೆ ಎನ್ನುವ ಒಂದೆಲಗ, ಹೀಗೆ ಕಂಡಕಂಡ ಗಿಡದ ಎಲೆ ಕಿತ್ತು ಇವಳು ಕಾಗದದ ನಡುವೆ ಇಟ್ಟು ಒಣಗಿಸುತ್ತಿದ್ದಳು. ಕಾಗದ ಎಲ್ಲಿಂದ? ನನ್ನ ಅಂಗಡಿಯ ಕಟ್ಟುಗಳಿಂದ. ನಾನು ಗೊತ್ತಿಲ್ಲದೆ ಅಂಥ ಒಂದು ಕಟ್ಟನ್ನು ಮಿಷನ್ನಿಗೆ ಹಾಕಿ ಒಬ್ಬರು ಹಿರಿಯರ ಜಾಗದ ಪೊಸೆಶನ್ ಸರ್ಟಿಫಿಕೇಟಿನ ಕಾಪಿ ತೆಗೆದುಕೊಟ್ಟೆ. ಸರ್ವೆ ನಂಬರಿನ ಮೇಲೆಯೇ ಒಂದು ತಿಮರೆ ಎಲೆ ನರನರವೂ ಎದ್ದು ಕಾಣುವ ಹಾಗೆ ಅಚ್ಚಾಗಿತ್ತು. ಅವರು ನೋಡದೆ ವಿಲೇಜ್ ಆಫೀಸಿಗೆ ಒಯ್ದರು. ಮರುದಿನ ಬಂದು ನನ್ನೆದುರು ಆ ಕಾಗದ ಹಿಡಿದು, ಇದು ನಿಮ್ಮ ಜಾಗದಲ್ಲಿರುವ ಮರವಾ ಎಂದು ಅಲ್ಲಿ ಕೇಳಿದರು ಮಾರಾಯ, ನಾನು ಎಂತ ಹೇಳಬೇಕಿತ್ತು ಎಂದರು. ಹೊಸ ಕಾಪಿ ತೆಗೆದುಕೊಟ್ಟೆ, ಅದರಲ್ಲಿ ನೆಲನೆಲ್ಲಿ ಬಂತು.

ಆ ಸಂಶೋಧನೆ ನಿಂತದ್ದು ಇದರಿಂದಲ್ಲ. ಒಂದು ವಾರ ತಿರುಗಿ ಒಟ್ಟು ಮಾಡಿ ಹಿತ್ತಿಲ ಬಾಗಿಲಲ್ಲಿ ಹರವಿಟ್ಟ ತಿಮರೆಯನ್ನೆಲ್ಲ ಅಜ್ಜಿ ತೊಳೆದು, ತೆಂಗಿನಕಾಯಿ ಸೇರಿಸಿ, ಚಟ್ನಿ ಅರೆದುಬಿಟ್ಟರು. ಇವಳು ಅಳುಮುಖ ಮಾಡಿಕೊಂಡು ಬಂದರೆ ಅವರದು ಒಂದೇ ಪ್ರಶ್ನೆ: "ಒಣಗಿಸಿ ಬಿಸಾಡುವುದಕ್ಕಿಂತ ತಿನ್ನುವುದು ಒಳ್ಳೆಯದಲ್ವಾ?" ನಾವೆಲ್ಲ ಎರಡೆರಡು ಸಲ ಹಾಕಿಸಿಕೊಂಡು ತಿಂದೆವು. ಸಂಶೋಧಕಿಯೂ ತಿಂದಳು.

ಎರಡನೆಯದು ಮಾತ್ರೆ ತಯಾರಿ. ಮಾತ್ರೆಯ ಪುಡಿಯನ್ನು ಒಟ್ಟಿಗೆ ಹಿಡಿದುಕೊಳ್ಳಲು ಏನಾದರೊಂದು ಅಂಟು ಬೇಕಂತೆ. ಅದಕ್ಕೆ ಹಲಸಿನ ಬೀಜದ ಹಿಟ್ಟು ಯಾಕಾಗಬಾರದು ಎಂದು ಇವಳಿಗೆ ಹೊಳೆಯಿತು. ಒಂದು ಇಡೀ ಬೇಸಿಗೆ ನಮ್ಮ ಮನೆಯಲ್ಲಿ ಹಲಸಿನ ಬೀಜದ ಸಾರೂ ಇಲ್ಲ, ಪಲ್ಯವೂ ಇಲ್ಲ, ಎಲ್ಲ ಕಾಲೇಜಿಗೆ ಹೋಯಿತು. ಅಲ್ಲಿಯ ಮಿಷನ್ನಿನಲ್ಲಿ ಒತ್ತಿ, ಬಿಳಿ ಬಿಳಿ ಚಂದದ ಮಾತ್ರೆಗಳನ್ನು ಬಾಟಲಿಯಲ್ಲಿ ತುಂಬಿಸಿ ಮನೆಗೆ ತಂದಳು. ಔಷಧ ಇರಲಿಲ್ಲ, ಬರೀ ಹಿಟ್ಟು. ಮಾತ್ರೆ ನೀರಿಗೆ ಬಿದ್ದರೆ ಹದಿನೈದು ನಿಮಿಷದೊಳಗೆ ಒಡೆಯಬೇಕಂತೆ. ಒಂದನ್ನು ಲೋಟದ ನೀರಿಗೆ ಹಾಕಿ ನಾವೆಲ್ಲ ಸುತ್ತ ಕುಳಿತೆವು. ಹದಿನೈದು ನಿಮಿಷವಾಯಿತು. ಊಟವಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಲೋಟದ ತಳದಲ್ಲಿ ಹಾಗೆಯೇ ಕುಳಿತು ನಮ್ಮನ್ನೇ ನೋಡುತ್ತಿತ್ತು!

ಇವಳು ಬೇಸರದಿಂದ ಬಾಟಲಿಯನ್ನು ಮೂಲೆಗೆಸೆದಳು. ಮಳೆಗಾಲದ ಆಟಿ ತಿಂಗಳಲ್ಲಿ ಅಜ್ಜಿಗೆ ಚೆನ್ನೆಮಣೆ, ಅಂದರೆ ಅಳಗುಳಿಮಣೆ ಆಡಬೇಕು, ಆಡುವ ಕಾಯಿಗಳನ್ನು ಇಲಿ ಎಲ್ಲಿಗೋ ಸಾಗಿಸಿತ್ತು. ಅವರು ಬಾಟಲಿ ತೆರೆದು ಎಣಿಸಿ ಐವತ್ತಾರು ಮಾತ್ರೆ ತೆಗೆದು, ಒಂದೊಂದು ಗುಳಿಗೆ ನಾಲ್ಕರಂತೆ ಹಾಕಿ ನನ್ನನ್ನು ಕೂರಿಸಿದರು. ಆಟಿ ಮುಗಿಯುವವರೆಗೆ ಆಡಿದೆವು. ಒಂದರ ಅಂಚೂ ಮುಕ್ಕಾಗಲಿಲ್ಲ. ಇಷ್ಟು ಒಳ್ಳೆಯ ಸಾಮಾನು ಇನ್ನೂ ಮಾಡು, ಅಂಗಡಿಯಲ್ಲಿಟ್ಟು ಮಾರುವ ಎಂದು ನಾನು ಹೇಳಿದ್ದಕ್ಕೆ ಇವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಮೂರನೆಯದು ಇಲಿಗಳದು, ಅದು ಹೆಚ್ಚು ಬಾಳಲಿಲ್ಲ. ಕಾಲೇಜಿನ ಪಂಜರದ ಬಿಳಿ ಇಲಿಗಳ ಮೇಲೆ ಹಳದಿ ಬಣ್ಣದ ಗುರುತು ಹಾಕಿ ನಂಬರು ಕೊಡುವ ಪದ್ಧತಿ. ಇವಳು ಮೊದಲ ದಿನವೇ ಅವುಗಳಿಗೆ ಹೆಸರಿಟ್ಟಳು. ಹೆಸರಿಟ್ಟ ಮೇಲೆ ಸೂಜಿ ಚುಚ್ಚಲು ಯಾರಿಗೆ ಮನಸ್ಸು ಬರುತ್ತದೆ? ಅಷ್ಟಾಗಿದ್ದರೆ ಚಿಂತೆ ಇರಲಿಲ್ಲ. ನನ್ನ ಅಂಗಡಿಯಲ್ಲಿ ಇಲಿಬೋನು ಇಟ್ಟದ್ದನ್ನು ನೋಡಿ, ಅನುಮತಿ ಇಲ್ಲದೆ ಪ್ರಾಣಿಗಳಿಗೆ ಹಿಂಸೆ ಕೊಡಬಾರದು, ಅದಕ್ಕೊಂದು ಸಮಿತಿ ಇರುತ್ತದೆ ಎಂದು ಬೋನನ್ನೇ ಎತ್ತಿಕೊಂಡು ಹೋದಳು. ಸಮಿತಿ ಸೇರುವ ಮೊದಲೇ ಇಲಿಗಳು ನನ್ನ ಎರಡು ಕಟ್ಟು ಬಾಂಡ್ ಪೇಪರನ್ನೂ, ಅದರ ಮೇಲಿಟ್ಟಿದ್ದ ಇವಳದೇ ಮೂರನೇ ಮುಖಪುಟವನ್ನೂ ತಿಂದು ಮುಗಿಸಿದವು.

ನಾಲ್ಕನೆಯದರ ನೆನಪಾದರೆ ಅಕ್ಕ ಈಗಲೂ ತಲೆ ಬಗ್ಗಿಸುತ್ತಾಳೆ. ಅದು ಔಷಧಗಳ ಅಡ್ಡ ಪರಿಣಾಮ ದಾಖಲಿಸುವ ಸಂಶೋಧನೆ. ಯಾವ ಮಾತ್ರೆ ತಿಂದು ಯಾರಿಗೆ ತುರಿಕೆಯಾಯಿತು, ಯಾರಿಗೆ ಕೆಮ್ಮು ಬಂತು ಎಂದು ಎರಡು ಪುಟದ ಫಾರ್ಮಿನಲ್ಲಿ ತುಂಬಿಸಬೇಕು. ಫಾರ್ಮು ಪ್ರಿಂಟ್ ಮಾಡಿಕೊಟ್ಟ ಪಾಪ ನನ್ನದು. ಅಡೂರಿನಲ್ಲಿ ನಮ್ಮ ಸಂಬಂಧಿಕರೊಬ್ಬರ ಮದುವೆಗೆ ಹೋದೆವು. ಹೆಣ್ಣುಮಕ್ಕಳೆಲ್ಲ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಫೋಟೋಕ್ಕೆ ನಿಂತಿದ್ದರೆ ಇವಳು ಊಟದ ಪಂಕ್ತಿಯಲ್ಲಿ ಪೆನ್ನು ಹಿಡಿದು ಕುಳಿತಿದ್ದಳು. ಪಕ್ಕದವರಿಗೆ ಹೋಳಿಗೆ ಬಡಿಸುತ್ತಿದ್ದಂತೆ, ನಿಮಗೆ ಮಲಬದ್ಧತೆ ಉಂಟಾ ಎಂದು ವಿಚಾರಣೆ! ಒಬ್ಬರು ಹಿರಿಯರು, ಬಿಪಿ ಮಾತ್ರೆಯ ಅಡ್ಡ ಪರಿಣಾಮವೇನೆಂದು ಇವಳು ಕೇಳಿದ್ದಕ್ಕೆ ಬಹಳ ಯೋಚಿಸಿ, ಮಾತ್ರೆ ಶುರುವಾದಂದಿನಿಂದ ಮಗ ಮಾತು ಕೇಳುವುದಿಲ್ಲ ಎಂದು ಬರೆಸಿದರು. ಇವಳು ಅದನ್ನೂ ಬರೆದುಕೊಂಡಳು, ಕೆಳಗೆ "ಇನ್ನಷ್ಟು ಮಾಹಿತಿ ಬೇಕು" ಎಂದು ಷರಾ ಹಾಕಿದಳು. ಗಲ್ಫಿನಲ್ಲಿರುವ ಅಪ್ಪನನ್ನೂ ಬಿಡಲಿಲ್ಲ. ವಾರಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ ಭಾವ ಒಂದು ಸಲಕ್ಕೆ ಇಳಿದರು. ಆ ವರ್ಷದ ಉಳಿದ ಮದುವೆಗಳಿಗೆ ಕರೆಯಲು ಬಂದವರು, ಮಗಳಿಗೆ ಓದಲು ಇರಬಹುದು, ತೊಂದರೆ ಕೊಡಬೇಡಿ ಎಂದು ಅಕ್ಕನಿಗೆ ಮೆಲ್ಲನೆ ಹೇಳಿ ಹೋಗುತ್ತಿದ್ದರು.

ಐದನೆಯದು ಕಂಪ್ಯೂಟರಿನದು. ಎಲೆ ಇಲ್ಲ, ಇಲಿ ಇಲ್ಲ, ನೆಂಟರಿಲ್ಲ. ಒಂದು ಹೊಸ ಔಷಧದ ಅಣುವನ್ನು ಕಂಪ್ಯೂಟರಿನೊಳಗೇ ಶರೀರದ ಒಂದು ಪ್ರೋಟೀನಿಗೆ ಕೂರಿಸಿ, ಸರಿಯಾಗಿ ಕೂರುತ್ತದೋ ನೋಡುವುದು. ಅಬ್ಬ, ಬದುಕಿದೆ ಎಂದುಕೊಂಡೆ. ಆಮೇಲೆ ತಿಳಿಯಿತು, ಕಂಪ್ಯೂಟರೆಂದರೆ ನನ್ನ ಅಂಗಡಿಯ ಕಂಪ್ಯೂಟರು! ಪರೀಕ್ಷೆಯ ಅರ್ಜಿ ತುಂಬಲು ಕೊನೆಯ ದಿನ, ಎದುರಿಗೆ ಹನ್ನೆರಡು ಜನ ಸಾಲಾಗಿ ನಿಂತಿದ್ದಾರೆ, ಪರದೆಯ ಮೇಲೆ ಮಾತ್ರ ಬಣ್ಣಬಣ್ಣದ ಎರಡು ಸುರುಳಿಗಳು ಒಂದನ್ನೊಂದು ಮುಟ್ಟಲೋ ಬೇಡವೋ ಎಂದು ತಿರುಗುತ್ತಿವೆ. ಮುಟ್ಟಬೇಡಿ, ಆಫ್ ಮಾಡಬೇಡಿ ಎಂದು ಇವಳು ಅಂಟಿಸಿದ ಚೀಟಿ ಬೇರೆ. ಸಾಲಿನಲ್ಲಿದ್ದ ಒಬ್ಬರು, ಇವರ ಜಾತಕ ಕೂಡಿ ಬರುವವರೆಗೆ ನಮ್ಮ ಅರ್ಜಿ ಇಲ್ಲವಾ ಎಂದು ಕೇಳಿದರು. ಮೂರನೆಯ ದಿನ ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಯಿತು. ಇವಳು ತಾನು ಅಂಟಿಸಿದ ಚೀಟಿಯನ್ನು ತಾನೇ ಕಿತ್ತು ಚೀಲಕ್ಕೆ ಹಾಕಿಕೊಂಡಳು.

ಅದಾದ ಮೇಲೆಯೇ ಗೈಡ್ ಮೇಡಂ ಸೋಮವಾರದ ಗಡುವು ಕೊಟ್ಟದ್ದು. ಆ ಶುಕ್ರವಾರ ಇವಳು ಬಸ್ಸಿಳಿದು ಅಂಗಡಿಗೆ ಬಂದು ವಿಷಯ ಹೇಳಿದಾಗ ನನಗೆ ಸಿಟ್ಟು ಬಂತು. ನಿನ್ನ ಬುದ್ಧಿ ಕುಂಬಳೆ ಜಂಕ್ಷನ್ನಿನ ಹಾಗೆ, ಎಲ್ಲ ಕಡೆಗೂ ಬಸ್ಸು, ಎಲ್ಲಿಗೂ ತಲುಪುವುದಿಲ್ಲ ಎಂದುಬಿಟ್ಟೆ. ನಿನಗೆ ಈ ಓದಿನಲ್ಲಿ ಆಸಕ್ತಿಯೇ ಇಲ್ಲವಾ ಎಂದೂ ಕೇಳಿದೆ.

"ಎಲ್ಲದರಲ್ಲೂ ಉಂಟು ಮಾವ. ಅದೇ ತೊಂದರೆ," ಎಂದಳು. "ಒಂದನ್ನು ಹಿಡಿದರೆ ಉಳಿದದ್ದು ಕರೆದ ಹಾಗೆ ಆಗುತ್ತದೆ."

ನಗುತ್ತ ಹೇಳುತ್ತಾಳೆಂದು ಮುಖ ನೋಡಿದರೆ ಕಣ್ಣು ತುಂಬಿತ್ತು. ನನಗೂ ಕಷ್ಟವಾಯಿತು. ಸೀನಿಯರಿನ ಫೈಲು ನನ್ನಲ್ಲಿ ಬೇಕಾದಷ್ಟು ಇದೆ, ಯಾವುದಾದರೊಂದಕ್ಕೆ ನಿನ್ನ ಹೆಸರು ಹಾಕಿಕೊಡಲಾ ಎಂದು ಮೆಲ್ಲನೆ ಕೇಳಿದೆ. ಇವಳು ಚೀಲ ಎತ್ತಿಕೊಂಡು ಹೋದಳು. ಆ ಮಾತು ಹೇಳಬಾರದಿತ್ತು ಎಂದು ಸಂಜೆಯಿಡೀ ಅನ್ನಿಸುತ್ತಿತ್ತು.

ಇನ್ನು ನಮ್ಮ ಮನೆಯ ಶನಿವಾರದ ಬಗ್ಗೆ ಹೇಳಬೇಕು. ಇವಳು ಕಾಲೇಜಿಗೆ ಸೇರಿದ ವರ್ಷದಿಂದ ಅಮ್ಮ ಶನಿವಾರ ಒಪ್ಪೊತ್ತು ಮಾಡುತ್ತಾರೆ. ಅಂದರೆ ಮಧ್ಯಾಹ್ನ ಒಂದೇ ಊಟ. ಬೆಳಿಗ್ಗೆ ಗಂಜಿ ಇಲ್ಲ, ರಾತ್ರಿ ಅನ್ನ ಇಲ್ಲ. ತಿಮ್ಮಪ್ಪ ದೇವರಿಗೆ ಹರಕೆ. ಯಾವುದಕ್ಕೆ ಹರಕೆ ಎಂದು ಯಾರಿಗೂ ಹೇಳಿರಲಿಲ್ಲ. ಹೇಳಬೇಕೇ? ಮನೆಯಲ್ಲಿ ಮದುವೆಯಾಗದೆ ಉಳಿದವನು ನಾನೊಬ್ಬನೇ. ಹೆತ್ತ ಕರುಳು ಇನ್ನು ಯಾರಿಗಾಗಿ ಹಸಿದಿರಬೇಕು? ನನಗೆ ಆ ದಿನ ಎರಡು ತುತ್ತು ಹೆಚ್ಚು ತಿನ್ನಲೂ ನಾಚಿಕೆಯಾಗುತ್ತಿತ್ತು. ಅಮ್ಮ ನನ್ನ ಮದುವೆಗಾಗಿ ವಾರವಾರ ಉಪವಾಸ ಇದ್ದಾರೆಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡಿದ್ದೆ. ಕೇಳಿದವರು ಅಯ್ಯೋ ಪಾಪ ಎನ್ನುತ್ತಿದ್ದರು, ಅಮ್ಮನಿಗೋ ನನಗೋ ಗೊತ್ತಿಲ್ಲ.

ಆರು ತಿಂಗಳಿಂದೀಚೆಗೆ ಅಮ್ಮನಿಗೆ ಶನಿವಾರ ಸಂಜೆಯ ಹೊತ್ತಿಗೆ ತಲೆ ತಿರುಗತೊಡಗಿತ್ತು. ಮೈ ಬೆವರುವುದು, ಕೈ ನಡುಗುವುದು. ಉಳಿದ ದಿನ ಏನೂ ಇಲ್ಲ. ಸೆಕೆಗೆ ಎಂದೆ ನಾನು. ಪ್ರಾಯ ಆಯಿತಲ್ಲ ಎಂದಳು ಅಕ್ಕ. ಶನಿವಾರ ಶನಿ ಬಂದು ಹೆಗಲ ಮೇಲೆ ಕೂರುತ್ತಾನೆ, ಕೂತು ಹೋಗಲಿ, ನನಗೆಂತ ಎಂದರು ಅಮ್ಮ. ಡಾಕ್ಟರು, ಸಕ್ಕರೆ ಕಾಯಿಲೆಯ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ, ಒಂದನ್ನೂ ತಪ್ಪಿಸಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದರು. ಅದು ನೂರಕ್ಕೆ ನೂರು ಸತ್ಯವಾಗಿತ್ತು.

ಗಡುವಿನ ನಡುವಿನ ಆ ಶನಿವಾರ ಇವಳು ಕಾಲೇಜಿಗೆ ಹೋಗದೆ ಮನೆಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದಳು. ನಾನೂ ಅಂಗಡಿಯನ್ನು ಅರ್ಧ ದಿನಕ್ಕೆ ಮುಚ್ಚಿ ಬಂದಿದ್ದೆ, ಇವಳನ್ನು ಸಮಾಧಾನ ಮಾಡುವ ಎಂದು. ನಾಲ್ಕು ಗಂಟೆಯ ಹೊತ್ತಿಗೆ ಅಮ್ಮ ಹಿತ್ತಿಲ ಮೆಟ್ಟಿಲಲ್ಲಿ ಹಾಗೆಯೇ ಕುಸಿದು ಕುಳಿತರು. ಇವಳು ಓಡಿಹೋಗಿ ಬೆರಳು ಚುಚ್ಚಿ ಸಕ್ಕರೆ ನೋಡುವ ಮಿಷನ್ ತಂದಳು. ಇಲಿಗೆ ಸೂಜಿ ಚುಚ್ಚಲು ಮನಸ್ಸು ಬಾರದವಳು ಆ ದಿನ ಒಂದೇ ಸಲಕ್ಕೆ ಚುಚ್ಚಿದಳು. ಸಕ್ಕರೆ ತುಂಬ ಇಳಿದಿತ್ತು. ಕೂಡಲೇ ಸಕ್ಕರೆ ನೀರು ಕದಡಿ ಕುಡಿಸಿದಳು. ಸ್ವಲ್ಪ ಹೊತ್ತಿನಲ್ಲಿ ಅಮ್ಮ ಚೇತರಿಸಿಕೊಂಡು, ನನ್ನ ಒಪ್ಪೊತ್ತು ಕೆಡಿಸಿದೆಯಲ್ಲ ಎಂದು ಅವಳಿಗೆ ಬೈದರು. ಬೈದದ್ದು ಕೇಳಿ ನಮಗೆ ಜೀವ ಬಂತು.

ಇವಳು ಮಾತ್ರ ಅಲ್ಲಿಗೆ ಬಿಡಲಿಲ್ಲ. ಭಾವ ಹಿಂದೊಮ್ಮೆ ತಂದ ಚಾಕಲೇಟಿನ ಡಬ್ಬದಲ್ಲಿ ಅಮ್ಮನ ಮಾತ್ರೆಗಳಿರುತ್ತವೆ. ಅದನ್ನು ತೆರೆದು ಮಾತ್ರೆಯ ಹಾಳೆ ಎತ್ತಿ ನೋಡಿದಳು. ಬೆಳಿಗ್ಗೆ ಇವಳೇ ತೆಗೆದಿಟ್ಟ ಹೊಸ ಹಾಳೆಯಲ್ಲಿ ಮೂರು ಖಾಲಿ ಗುಳಿಗಳು ಸಾಲಾಗಿ ಕಂಡವು.

"ಅಜ್ಜಿ, ಮೂರೂ ಒಟ್ಟಿಗೆ ತೆಗೆದುಕೊಂಡಿರಾ?"

"ಮತ್ತೆ ಎಂತ ಮಾಡುವುದು? ದಿನಕ್ಕೆ ಮೂರು, ಊಟ ಆದ ಮೇಲೆಯೇ ತೆಗೆದುಕೊಳ್ಳಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಶನಿವಾರ ನನಗೆ ಊಟ ಒಂದೇ. ಮೂರನ್ನೂ ಅದರ ಮೇಲೆಯೇ ತೆಗೆದುಕೊಳ್ಳುವುದಲ್ವಾ?"

ಆರು ತಿಂಗಳ ಹಿಂದೆ ಡಾಕ್ಟರು ಒಂದಿದ್ದ ಮಾತ್ರೆಯನ್ನು ಮೂರಕ್ಕೆ ಏರಿಸಿದ್ದರು. ಅಮ್ಮ ದೇವರಿಗೂ ತಪ್ಪಲಿಲ್ಲ, ಡಾಕ್ಟರಿಗೂ ತಪ್ಪಲಿಲ್ಲ. ಇಬ್ಬರ ಮಾತನ್ನೂ ಅಕ್ಷರಶಃ ನಡೆಸಿ ವಾರಕ್ಕೊಮ್ಮೆ ಮೆಟ್ಟಿಲ ಮೇಲೆ ಕುಸಿಯುತ್ತಿದ್ದರು. ಪಾಪದ ಶನಿಯ ಮೇಲೆ ನಾವು ಹೊರಿಸಿದ ಅಪವಾದ ಎಷ್ಟು! ಇವಳು ಆಗಲೇ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಆ ರಾತ್ರಿ ಅಮ್ಮನಿಗೆ ಏನಾದರೂ ತಿನ್ನಿಸಿಯೇ ಮಲಗಿಸಬೇಕು, ನಡುನಡುವೆ ಸಕ್ಕರೆ ನೋಡುತ್ತಿರಬೇಕು, ಉಪವಾಸದ ದಿನ ಮಾತ್ರೆ ಹೇಗೆ ಎಂದು ತಾನೇ ನೋಡಿ ಹೇಳಬೇಕು, ಕರೆದುಕೊಂಡು ಬನ್ನಿ ಎಂದರು. ಫೋನ್ ಇಟ್ಟು ಇವಳು ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಆ ಮುಖ ನನಗೆ ಪರಿಚಯದ್ದು. ಐದು ಸಲ ನೋಡಿದ್ದೇನೆ.

"ಮಾವ," ಎಂದಳು, "ಅಜ್ಜಿ ಒಬ್ಬರೇ ಹೀಗೆ ಮಾಡುವುದಾ, ಊರಿನವರೆಲ್ಲ ಹೀಗೆಯಾ?"

ಸತ್ತೆ ಎಂದುಕೊಂಡೆ. ಅಂಗಡಿಗೆ ಹೋಗಿ ಇಪ್ಪತ್ತೈದು ಫಾರ್ಮು ಪ್ರಿಂಟ್ ಮಾಡಿ ತಂದೆ.

ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಇವಳು ನೆರೆಕರೆಯ ಮನೆಗಳನ್ನು ಸುತ್ತಿದಳು. ಅಡೂರಿನ ಮದುವೆಯ ಸುದ್ದಿ ಗೊತ್ತಿದ್ದವರು ಮೊದಲು ಬಾಗಿಲ ಮರೆಗೆ ಸರಿದರೂ ಒಪ್ಪೊತ್ತಿನ ಬಗ್ಗೆ ಎಂದಾಗ ಚಾಪೆ ಹಾಕಿ ಕೂರಿಸಿದರು. ಸಿಕ್ಕಿದ ಫಸಲೇನು ಸಾಮಾನ್ಯವೇ! ಸೋಮವಾರ ಒಪ್ಪೊತ್ತು ಮಾಡುವ ಒಬ್ಬರು ಅಂದಿನ ಮಾತ್ರೆಯನ್ನು ಭಾನುವಾರವೇ ಮುಂಗಡವಾಗಿ ತೆಗೆದುಕೊಳ್ಳುತ್ತಿದ್ದರು. ಸಂಕ್ರಾಂತಿಗೆ ಉಪವಾಸವಿರುವ ಒಬ್ಬರು ಆ ದಿನ ಮಾತ್ರೆ ಮುಟ್ಟುವುದಿಲ್ಲ, ಅದರ ಮೇಲಿನ ಹೊದಿಕೆ ಯಾವ ಪ್ರಾಣಿಯದೋ ಏನೋ ಎಂದು. ಮತ್ತೊಬ್ಬರು ಏಕಾದಶಿಯ ಮಾತ್ರೆಗಳನ್ನು ಕೂಡಿಟ್ಟು ದ್ವಾದಶಿಯ ಪಾರಣೆಗೆ ಸೇರಿಸಿ ನುಂಗುತ್ತಿದ್ದರು. ಇಡೀ ದಿನದಲ್ಲಿ ಸರಿಯಾಗಿ ಮಾಡುತ್ತಿದ್ದವರು ನಮ್ಮ ಬೇಲಿಯಾಚೆಯ ಬ್ಯಾರಿ ಮನೆಯ ಅಜ್ಜಿ ಒಬ್ಬರೇ. ಅವರು ರಂಜಾನ್ ಉಪವಾಸದ ತಿಂಗಳಿಗೆ ಮೊದಲೇ ಡಾಕ್ಟರಲ್ಲಿ ಕೇಳಿ, ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಕ್ಯಾಲೆಂಡರಿನಲ್ಲಿ ಬರೆಸಿಕೊಂಡಿದ್ದರು. ಕೇಳಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಅಮ್ಮನಿಗೆ ಸ್ವಲ್ಪ ಅವಮಾನವೇ ಆಯಿತು.

ಒಂದನೇ ನಂಬರಿನ ಫಾರ್ಮು ಅಮ್ಮನದು. ಹೆಸರು ಬೇಡ, ನಂಬರು ಮಾತ್ರ. ಎಲ್ಲ ಪ್ರಶ್ನೆಗೂ ಉತ್ತರಿಸಿದರು. ಉಪವಾಸ ಯಾವ ಕಾರಣಕ್ಕೆ ಎಂಬಲ್ಲಿಗೆ ಬಂದಾಗ ಪೆನ್ನಿಗೆ ಕೈ ಅಡ್ಡ ಹಿಡಿದರು. ಹರಕೆ ಬಾಯಿಬಿಟ್ಟು ಹೇಳಿದರೆ ಫಲಿಸುವುದಿಲ್ಲ, ಅದೊಂದು ಬರೆಯಬೇಡ ಎಂದರು. ಕಾಲಂ ಖಾಲಿ ಬಿಟ್ಟರೆ ಮೇಡಂ ಒಪ್ಪುವುದಿಲ್ಲ ಎಂದು ಇವಳು ಗೋಗರೆದಳು. ನಾನು ನಡುವೆ ಬಾಯಿ ಹಾಕಿ, ಎಲ್ಲರಿಗೂ ಗೊತ್ತಿರುವ ವಿಷಯ, ಮಾವನ ಮದುವೆ ಅಂತ ಬರೆ, ನನಗೆ ನಾಚಿಕೆ ಇಲ್ಲ ಎಂದೆ. ಅಮ್ಮ ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಕಾಲಂ ಖಾಲಿಯೇ ಉಳಿಯಿತು.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ಮೊದಲು ಮಾಡಿದ ಕೆಲಸ ಆರನೇ ಮುಖಪುಟ. ಚಿನ್ನದ ಅಕ್ಷರವೋ ಬೆಳ್ಳಿಯದೋ ಎಂದು ನಾನೇ ಕೇಳಿದೆ. ಯಾವುದಾದರೂ ಆಗಬಹುದು ಮಾವ, ಬಸ್ಸು ಹೋಗುತ್ತದೆ ಎಂದಳು. ಆಗ ನನಗೆ ಮೊದಲ ಸಲ ಅನುಮಾನ ಬಂತು, ಈ ಸಲ ಹುಡುಗಿ ನಿಜಕ್ಕೂ ನಿಂತಳೋ ಏನೋ ಎಂದು. ಮಧ್ಯಾಹ್ನದ ಮೇಲೆ ನನ್ನ ಕಣ್ಣು ಕಾಗದಕ್ಕಿಂತ ಹೆಚ್ಚು ಗಡಿಯಾರದ ಮೇಲೆಯೇ ಇತ್ತು. ಒಬ್ಬರಿಗೆ ಆಧಾರಿನ ಎದುರು ಭಾಗವನ್ನು ಎರಡು ಸಲ ತೆಗೆದುಕೊಟ್ಟೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಫೋನು ಬಂತು. ಮೇಡಂ ಇಪ್ಪತ್ತೈದು ಫಾರ್ಮನ್ನೂ ಒಂದೊಂದಾಗಿ ಓದಿ, ಇದನ್ನು ಮೊದಲೇ ಯಾಕೆ ತರಲಿಲ್ಲ ಎಂದು ಕೇಳಿ ಸಹಿ ಹಾಕಿದರಂತೆ. ಇನ್ನು ಕಾಲೇಜಿನ ಅನುಮತಿ ಪಡೆದು ಸರಿಯಾದ ಕ್ರಮದಲ್ಲಿ ಎಲ್ಲವನ್ನೂ ಮತ್ತೆ ಕೇಳಿ ಬರೆಯಬೇಕು, ಆದರೆ ವಿಷಯ ಇದೇ ಎಂದರಂತೆ. ಒಂದನೇ ಫಾರ್ಮಿನ ಖಾಲಿ ಕಾಲಂ ಮಾತ್ರ ತುಂಬಬೇಕಂತೆ.

ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಬಂದೆವು. ಅಮ್ಮ ಜಗಲಿಯಲ್ಲಿ ಕುಳಿತಿದ್ದರು. ಇವಳು ಸಹಿ ಹಾಕಿದ ಕಾಗದವನ್ನು ಅವರ ಕೈಗೆ ಕೊಟ್ಟಳು. ಅವರು ಕನ್ನಡಕ ಹಾಕಿ, ತಿರುಗಿಸಿ ಮರಳಿಸಿ ನೋಡಿ, ಇಂಗ್ಲಿಷಿನ ಆ ಸಹಿಯ ಮೇಲೆ ಬೆರಳಾಡಿಸಿದರು.

"ಇದೇ ಗಟ್ಟಿಯಾ? ಇನ್ನು ಬದಲಾಯಿಸುವುದಿಲ್ಲವಾ?"

"ಇಲ್ಲ ಅಜ್ಜಿ. ಇದೇ."

ಅಮ್ಮ ಕಣ್ಣು ಮುಚ್ಚಿ ಕೈ ಮುಗಿದರು. ಆಮೇಲೆ ಆ ಫಾರ್ಮು ತಾ ಎಂದರು. ಇವಳು ಒಂದನೇ ನಂಬರಿನ ಫಾರ್ಮನ್ನು ತೆಗೆದು ಪೆನ್ನು ಹಿಡಿದಳು.

"ಬರೆ. ನೀನು ಕಾಲೇಜಿಗೆ ಸೇರಿದಾಗ ಹೇಳಿಕೊಂಡದ್ದು. ನಿನ್ನ ಮನಸ್ಸು ಒಂದರಲ್ಲಿ ನಿಲ್ಲಲಿ ಅಂತ. ನಾಲ್ಕು ವರ್ಷ ಆಯಿತು. ಈಗ ನಿಂತಿತಲ್ಲ, ಇನ್ನು ಶನಿವಾರವೂ ನನಗೆ ಗಂಜಿ ಬೇಯಿಸಬಹುದು."

ಅಂದರೆ ನನ್ನ ಮದುವೆ? ಕೇಳಿಯೇಬಿಟ್ಟೆ. ಆ ಆಸೆ ಬಿಟ್ಟು ಎಷ್ಟೋ ವರ್ಷ ಆಯಿತು ಮಗ, ದೇವರಿಗೂ ಆಗುವಂಥದ್ದನ್ನು ಕೇಳಬೇಕಲ್ವಾ ಎಂದರು ಅಮ್ಮ. ನಾನೂ ಅಮ್ಮನೂ ನಕ್ಕೆವು. ಇವಳು ನಗಲಿಲ್ಲ. ಅಜ್ಜಿಯ ಮಡಿಲಲ್ಲಿ ಮುಖ ಇಟ್ಟಳು. ಇವಳು ತಿಮರೆ ಒಣಗಿಸುವಾಗಲೂ, ಹಲಸಿನ ಬೀಜ ಅರೆಯುವಾಗಲೂ, ನಾವೆಲ್ಲ ಹಾಸ್ಯ ಮಾಡುವಾಗಲೂ ಶನಿವಾರ ಶನಿವಾರ ಒಂದು ಜೀವ ಇವಳಿಗಾಗಿ ಹಸಿದಿತ್ತು. ಹಾಸ್ಯ ಮಾಡಿದವರಲ್ಲಿ ನಾನೇ ಮೊದಲಿಗ.

ಮೊನ್ನೆ ಪ್ರಾಜೆಕ್ಟ್ ಬೈಂಡಿಂಗಿಗೆ ಬಂತು. ಅಮ್ಮನ ಅಪ್ಪಣೆ ಪಡೆದು ಒಂದನೇ ಫಾರ್ಮನ್ನು ಕೊನೆಯಲ್ಲಿ ಸೇರಿಸಿದ್ದಾಳೆ. ಉಪವಾಸದ ಕಾರಣದ ಕಾಲಮಿನಲ್ಲಿ ಇವಳ ಅಕ್ಷರದಲ್ಲಿ "ನನಗಾಗಿ" ಎಂದಿದೆ. ಮೇಡಂ ಅದಕ್ಕೆ ಕೆಂಪು ಶಾಯಿಯಲ್ಲಿ ವೃತ್ತ ಹಾಕಿ, ಸಂಶೋಧಕರು ಫಾರ್ಮಿನೊಳಗೆ ಬರಬಾರದು, "ಮೊಮ್ಮಗಳಿಗಾಗಿ" ಎಂದು ತಿದ್ದಬೇಕು ಎಂದು ಬದಿಯಲ್ಲಿ ಬರೆದಿದ್ದರು. ಉಳಿದ ತಪ್ಪುಗಳನ್ನೆಲ್ಲ ಇವಳು ನನ್ನ ಪಕ್ಕದಲ್ಲಿ ಕುಳಿತು ಒಂದೊಂದಾಗಿ ತಿದ್ದಿಸಿದಳು. ಆ ಪುಟ ಬಂದಾಗ ಮಾತ್ರ ನನ್ನ ಕೈ ಹಿಡಿದು, ಇದೊಂದು ಹೀಗೆಯೇ ಇರಲಿ ಮಾವ ಎಂದಳು.

ಹಾಗೆಯೇ ಇಟ್ಟು ಬೈಂಡ್ ಮಾಡಿದೆ.